ಕರುವಿಗೆ ಸಂದದ್ದು ಕೂಸಿಗೆ ಸಲ್ಲದೆ?

ಕೊಟ್ಟಿಗೆಯಲ್ಲಿ ಹಸು ಕರು ಹಾಕಿತೆಂದರೆ ಮನೆಯಲ್ಲಿ ಸಣ್ಣದೊಂದು ಹಬ್ಬ. ಮೊದಲ ಎರಡು ಮೂರು ದಿನ ಕರೆಯುವ ಹಾಲು ಹಳದಿ ಛಾಯೆಯದು, ಮಂದವಾದದ್ದು. ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು. ಅಕ್ಕಪಕ್ಕದ ಮನೆಗಳಿಗೂ ಒಂದೊಂದು ಬಟ್ಟಲು ಹೋಗುತ್ತದೆ. ಆದರೆ ದನ ಸಾಕಿ ಬಲ್ಲವರು ಒಂದು ಕಟ್ಟಳೆಯನ್ನು ಮೀರುವುದಿಲ್ಲ. ಕರು ತಡವರಿಸುತ್ತ ಎದ್ದು ನಿಂತು, ಕೆಚ್ಚಲಿಗೆ ಬಾಯಿ ಹಾಕಿ, ಹೊಟ್ಟೆ ತುಂಬಿಸಿಕೊಂಡ ಮೇಲೆಯೇ ಉಳಿದ ಹಾಲು ಪಾತ್ರೆಗೆ. ಗಿಣ್ಣು ಹಾಲು ಸಿಗದ ಕರು ಉಳಿಯುವುದು ಕಷ್ಟ ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ.

ಅದೇ ಮನೆಯ ಒಳಕೋಣೆಯಲ್ಲಿ ಮಗಳು ಹೆತ್ತಾಗ ಮಾತ್ರ ಕಟ್ಟಳೆ ತಿರುವುಮುರುವಾಗುತ್ತಿತ್ತು. ಅವಳ ಎದೆಯಲ್ಲಿ ಮೊದಲು ಜಿನುಗುವ ಹಳದಿ ಹಾಲು ಕೆಟ್ಟದ್ದು, ಅಷ್ಟು ತಿಂಗಳು ಒಳಗೇ ನಿಂತು ಹಳಸಿದ್ದು, ಕೂಸಿಗೆ ಅದು ಜೀರ್ಣವಾಗದು ಎಂಬ ನಂಬಿಕೆ. ಅದನ್ನು ಹಿಂಡಿ ಚೆಲ್ಲುವುದು. "ನಿಜವಾದ ಹಾಲು" ಬರುವ ಮೂರನೆಯ ದಿನದವರೆಗೆ ಕೂಸಿಗೆ ಜೇನು, ಸಕ್ಕರೆ ನೀರು, ಹರಳೆಣ್ಣೆ ಅಥವಾ ನೀರು ಬೆರೆಸಿದ ಹಸುವಿನ ಹಾಲು. ಕರುವಿನ ಪಾಲನ್ನು ಅಷ್ಟು ಕಟ್ಟುನಿಟ್ಟಾಗಿ ಕಾಯ್ದ ಮನೆಯೇ ಕೂಸಿನ ಪಾಲನ್ನು ಚೆಲ್ಲುತ್ತಿತ್ತು.

ಇದನ್ನು ಅಜ್ಞಾನ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇಲ್ಲಿ ಜ್ಞಾನ ಇಲ್ಲದೆ ಇರಲಿಲ್ಲ. ಅದು ಕೊಟ್ಟಿಗೆಯಲ್ಲಿತ್ತು, ಕೋಣೆಗೆ ಬಂದಿರಲಿಲ್ಲ. ಚೊಚ್ಚಲು ತಾಯಂದಿರಿಗೆ ಎಳೆಗೂಸಿನ ಆರೈಕೆ ಎಷ್ಟು ಗೊತ್ತು ಎಂದು ವೈದ್ಯಕೀಯ ಕಾಲೇಜುಗಳೂ ನರ್ಸಿಂಗ್ ಕಾಲೇಜುಗಳೂ ಆಗಾಗ ಪ್ರಶ್ನಾವಳಿ ಹಿಡಿದು ಅಳೆಯುತ್ತವೆ. ಈ ಅಳತೆಯ ಹಿಂದೆ ಒಂದು ಊಹೆ ಅಡಗಿದೆ: ಕೂಸಿನ ವಿಷಯದಲ್ಲಿ ತೀರ್ಮಾನ ತಾಯಿಯದು ಎಂಬುದು. ನಮ್ಮ ಮನೆಗಳ ಚರಿತ್ರೆ ನೋಡಿದರೆ ಈ ಊಹೆ ನಿಲ್ಲುವುದಿಲ್ಲ.

ಬಾಣಂತಿ ಕೋಣೆಯ ಪಾಠ

ಕನ್ನಡ ನಾಡಿನಲ್ಲಿ ಚೊಚ್ಚಲ ಹೆರಿಗೆ ತವರಿನದು. ಏಳನೆಯದೋ ಒಂಬತ್ತನೆಯದೋ ತಿಂಗಳಿಗೆ ಬಸುರಿ ತವರಿಗೆ ಬರುತ್ತಾಳೆ. ಹೆತ್ತ ಮೇಲೆ ಗಾಳಿ ಹೆಚ್ಚು ಆಡದ, ಬೆಳಕು ಕಡಿಮೆಯಿರುವ ಒಂದು ಕೋಣೆ ಅವಳಿಗೆ ಮೀಸಲು. ಹೊರಸಿನ ಬಳಿ ಕೆಂಡದ ಅಗ್ಗಿಷ್ಟಿಕೆ, ಹಂಡೆಯಲ್ಲಿ ಸದಾ ಬಿಸಿನೀರು, ತಲೆಗೂ ಕಿವಿಗೂ ಬಿಗಿದ ಬಟ್ಟೆ. ಕೂಸಿಗೆ ಹಳೆ ಸೀರೆಯ ಮೆತ್ತನೆ ಬಟ್ಟೆ, ತಲೆಗೆ ಕುಲಾವಿ. ಉತ್ತರ ಕರ್ನಾಟಕದಲ್ಲಾದರೆ ಕುಂಚಿಗೆ. ಹೊದಿಸಲು ಅಜ್ಜಿಯ ಸೀರೆಗಳನ್ನೇ ಸೇರಿಸಿ ಹೊಲಿದ ಕೌದಿ.

ಈ ಕೋಣೆಯಲ್ಲಿ ತಾಯಿ ಕಲಿಯುವವಳು, ಕಲಿಸುವವಳಲ್ಲ. ಹದಿನಾರೋ ಹದಿನೆಂಟೋ ವಯಸ್ಸಿನ ಹುಡುಗಿ. ಕೂಸನ್ನು ಎತ್ತಿಕೊಳ್ಳಲೂ ಕೈ ನಡುಗುತ್ತದೆ. ಕೂಸಿಗೆ ಎರೆಯುವವಳು ಅಜ್ಜಿ, ಅಥವಾ ಅದರಲ್ಲಿ ಪಳಗಿದ ನೆರೆಮನೆಯ ಹೆಂಗಸು. ಕಾಲು ಚಾಚಿ ಕುಳಿತು, ಮೊಣಕಾಲುಗಳ ನಡುವೆ ಕೂಸನ್ನು ಮಲಗಿಸಿ, ಎಣ್ಣೆ ಸವರಿ ನೀರೆರೆಯುವ ಆ ಕೌಶಲ ನೋಡಿಯೇ ಕಲಿಯಬೇಕಾದದ್ದು. ಹೆರಿಗೆ ಮಾಡಿಸುವವಳು ಸೂಲಗಿತ್ತಿ. "ಹತ್ತು ಹೆತ್ತವಳಿಗೆ ಒಂದು ಹೆತ್ತವಳು ಬುದ್ಧಿ ಹೇಳಿದಳಂತೆ" ಎಂಬ ಮಾತು ಈ ಕೋಣೆಯ ಮೇಲುಕೀಳನ್ನು ಚೆನ್ನಾಗಿ ಹೇಳುತ್ತದೆ. ಹೊಸ ತಾಯಿಯ ಮಾತಿಗೆ ಅಲ್ಲಿ ಬೆಲೆ ಬರಬೇಕಾದರೆ ಅವಳು ಇನ್ನೂ ಎರಡು ಮೂರು ಹೆರಬೇಕಾಗಿತ್ತು.

ಸೂಲಗಿತ್ತಿಯರ ಪರಂಪರೆ ಹಗುರವಾಗಿ ಕಾಣುವಂಥದ್ದಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಸುಮಾರು ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ಕಾಸು ಕೇಳದೆ. ಆಸ್ಪತ್ರೆ, ರಸ್ತೆ, ವಾಹನ ಯಾವುದೂ ಇಲ್ಲದ ಆ ಬರಸೀಮೆಯಲ್ಲಿ ಬಸುರಿಯರಿಗೆ ಅವರೇ ಆಸರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ನಾಡಿನ ಲೆಕ್ಕವಿಲ್ಲದಷ್ಟು ಹಳ್ಳಿಗಳಲ್ಲಿ ಹೆಸರು ಹೊರಗೆ ಬಾರದೆ ಇದೇ ಕೆಲಸ ಮಾಡಿದವರು ಇದ್ದರು. ಅವರ ಕೈಗುಣಕ್ಕೆ ಸಿಕ್ಕಿದ್ದು ಹೆರಿಗೆ. ಹೆರಿಗೆಯಾದ ಮೇಲಿನ ಮೊದಲ ವಾರ ಮಾತ್ರ ಯಾರ ಕೈಗೂ ಸುಲಭವಾಗಿ ಸಿಗುತ್ತಿರಲಿಲ್ಲ.

ಆರನೆಯ ರಾತ್ರಿ

ಕೂಸು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಸಟವಿ ಬಂದು ಅದರ ಹಣೆಬರಹ ಬರೆಯುತ್ತಾಳೆಂಬ ನಂಬಿಕೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಸಂಸ್ಕೃತದ ಷಷ್ಠಿದೇವಿ, ಮರಾಠಿಯ ಸಟವಾಯಿ, ನಮ್ಮ ಶೆಟಿಗೆವ್ವ ಇವರೆಲ್ಲ ಒಂದೇ ಬಳಗದವರು. ಆ ರಾತ್ರಿ ದೀಪ ಆರದಂತೆ ನೋಡಿಕೊಳ್ಳುತ್ತಾರೆ. ಹೆಸರಿಡುವುದು, ತೊಟ್ಟಿಲಿಗೆ ಹಾಕುವುದು ಅದಾದ ಮೇಲೆಯೇ.

ಈ ಆಚರಣೆಯ ಪಕ್ಕದಲ್ಲಿ ಇಂದಿನ ವೈದ್ಯಶಾಸ್ತ್ರದ ಒಂದು ಲೆಕ್ಕವನ್ನು ಇಟ್ಟು ನೋಡಬೇಕು. ಹುಟ್ಟಿದ ಮೊದಲ 28 ದಿನಗಳಲ್ಲಿ ಸಾಯುವ ಕೂಸುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾಯುವುದು ಮೊದಲ ವಾರದಲ್ಲಿ. ಆರನೆಯ ರಾತ್ರಿ ದಾಟಿದ ಕೂಸಿಗೆ ಬದುಕುವ ಭರವಸೆ ಹೆಚ್ಚು ಎಂಬುದು ಅಂಕಿಅಂಶ ಗೊತ್ತಿಲ್ಲದ ಸಮಾಜಕ್ಕೂ ಗೊತ್ತಿತ್ತು. ಎಷ್ಟೋ ಸಾವು ಕಂಡ ಮೇಲೆ ಹುಟ್ಟಿದ ತಿಳಿವಳಿಕೆ ಅದು. ಯಾವಾಗ ಎಂಬುದು ಗೊತ್ತಾಗಿತ್ತು. ಏಕೆ ಎಂಬುದು ಗೊತ್ತಾಗಿರಲಿಲ್ಲ. ಆ ಜಾಗವನ್ನು ಹಣೆಬರಹ ತುಂಬಿತು.

ಏಕೆ ಎಂಬುದು ಇಂದು ಗೊತ್ತು. ಅವಧಿಗೆ ಮೊದಲೇ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ಸೋಂಕು ತಗಲುವುದು ಮುಖ್ಯ ಕಾರಣಗಳು. ಇದರ ಜೊತೆಗೆ ಮೈ ತಣ್ಣಗಾಗುವುದು ಮತ್ತು ಹಾಲು ಸಿಗದಿರುವುದು ಸೇರಿದರೆ ಉಳಿಯಬಹುದಾಗಿದ್ದ ಕೂಸೂ ಉಳಿಯುವುದಿಲ್ಲ. ಕೊನೆಯ ಈ ಎರಡಕ್ಕೆ ದೊಡ್ಡ ಯಂತ್ರಗಳು ಬೇಡ, ತಾಯಿಯ ಮೈ ಸಾಕು.

ಸಂಹಿತೆಗಳ ಭಿನ್ನಮತ

ಮೊದಲ ಹಾಲನ್ನು ತಡೆಯುವ ರೂಢಿಗೆ ಹಳೆಯ ಬೇರುಗಳಿವೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದ ಪ್ರಕಾರ ಹೆತ್ತ ಮೂರು ನಾಲ್ಕು ರಾತ್ರಿಗಳ ಮೇಲೆ ತಾಯಿಯಲ್ಲಿ ಹಾಲು ಹರಿಯತೊಡಗುತ್ತದೆ. ಅಲ್ಲಿಯವರೆಗೆ ಕೂಸಿಗೆ ಜೇನು, ತುಪ್ಪ ಮತ್ತು ಕೆಲವು ಮೂಲಿಕೆಗಳ ವಿಧಾನವನ್ನು ಅದು ಹೇಳುತ್ತದೆ. ಚರಕ ಸಂಹಿತೆಯ ದಾರಿ ಬೇರೆ. ಮೊದಲು ಜೇನುತುಪ್ಪ ನೆಕ್ಕಿಸುವ ಸಂಸ್ಕಾರ ಅಲ್ಲಿಯೂ ಇದೆ, ಆದರೆ ಅದರ ಬೆನ್ನಿಗೇ ತಾಯಿಯ ಬಲ ಮೊಲೆಯನ್ನು ಕೂಸಿನ ಬಾಯಿಗೆ ಕೊಡಬೇಕೆಂದು ಹೇಳಿದೆ. ಒಂದೇ ಪರಂಪರೆಯ ಎರಡು ಮೂಲಗ್ರಂಥಗಳಲ್ಲಿ ಎರಡು ಮತ. ಜನರ ರೂಢಿಯಲ್ಲಿ ಗೆದ್ದದ್ದು ಮೊದಲನೆಯದು.

ಅದು ಗೆಲ್ಲುವುದಕ್ಕೆ ಕಾರಣವೂ ಇದೆ. ಸುಶ್ರುತ ಸಂಹಿತೆ ಕಂಡದ್ದು ಸುಳ್ಳಲ್ಲ. ಹಾಲು ಹೇರಳವಾಗಿ ಇಳಿಯುವುದು ಎರಡು ಮೂರು ದಿನಗಳ ಮೇಲೆಯೇ. ಅದಕ್ಕೆ ಮುಂಚೆ ಬರುವುದು ದಿನಕ್ಕೆ ಕೆಲವು ಚಮಚೆಗಳಷ್ಟು ಮಾತ್ರ. ನೋಡುವವರಿಗೆ "ಹಾಲೇ ಇಲ್ಲ" ಎನಿಸುವುದು ಸಹಜ. ಆದರೆ ಎಳೆಗೂಸಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಅಂದಿಗೆ ಅಷ್ಟು ಸಾಕು. ಇನ್ನೊಂದು ಮಾತು: ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ಮೂರು ದಿನ ಎದೆಗೆ ಹಾಕದಿದ್ದರೆ ಹಾಲು ಬರುವುದೂ ತಡವಾಗುತ್ತದೆ. ಹಾಲು ತಡವಾಗಿ ಬರುತ್ತದೆ ಎಂದು ನಂಬಿದವರ ಮನೆಯಲ್ಲಿ ಆ ನಂಬಿಕೆಯೇ ಹಾಲನ್ನು ತಡಮಾಡಿತು. ಅನುಭವ ನಂಬಿಕೆಗೆ ಸಾಕ್ಷಿ ನುಡಿಯಿತು. ಇಂಥ ರೂಢಿಯನ್ನು ಅಲುಗಿಸುವುದು ಸುಲಭವಲ್ಲ.

ಚರಕ ಸಂಹಿತೆಯಲ್ಲಿ ಇನ್ನೊಂದು ಸ್ವಾರಸ್ಯ ಉಂಟು. ಹೆರಿಗೆಯ ಕೋಣೆಯನ್ನು ಮೊದಲೇ ಸಿದ್ಧಪಡಿಸಬೇಕು, ಅಲ್ಲಿ ಬೆಂಕಿಗೂ ನೀರಿಗೂ ಸ್ಥಳವಿರಬೇಕು, ಹಲವು ಮಕ್ಕಳನ್ನು ಹೆತ್ತ ಅನುಭವಿ ಹೆಂಗಸರು ಜೊತೆಗಿರಬೇಕು ಎಂದು ಅದು ವಿಧಿಸುತ್ತದೆ. ಕೂಸಿನ ಕೋಣೆ ಕತ್ತಲಾಗಿರಬಾರದು, ಬಿರುಗಾಳಿ ನುಗ್ಗಬಾರದು, ಆದರೆ ಗಾಳಿ ಆಡುವಂತಿರಬೇಕು ಎನ್ನುತ್ತದೆ. ನಮ್ಮ ಬಾಣಂತಿ ಕೋಣೆ ಬೆಂಕಿಯನ್ನೂ ಅನುಭವಿ ಹೆಂಗಸರನ್ನೂ ಉಳಿಸಿಕೊಂಡಿತು; ಬೆಳಕನ್ನೂ ಗಾಳಿಯನ್ನೂ ಬಿಟ್ಟುಕೊಟ್ಟಿತು.

ಆಸ್ಪತ್ರೆಗೆ ಹೋದ ಹೆರಿಗೆ

ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1885ರಲ್ಲಿ ವೈಸರಾಯ್ ಡಫರಿನ್ನನ ಪತ್ನಿ ಸ್ಥಾಪಿಸಿದ ನಿಧಿಯಿಂದ ಹೆಂಗಸರಿಗೆ ಹೆಂಗಸರೇ ವೈದ್ಯರಾಗಿರುವ ಆಸ್ಪತ್ರೆಗಳು ದೇಶದಲ್ಲಿ ಏಳತೊಡಗಿದವು. 1903ರಲ್ಲಿ ಲೇಡಿ ಕರ್ಜನ್ ದಾದಿಯರ ತರಬೇತಿಗೆಂದೇ ಇನ್ನೊಂದು ನಿಧಿ ಕಟ್ಟಿದಳು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಆರಂಭವಾದದ್ದು 1935ರಲ್ಲಿ. ಆದರೂ ಹಳ್ಳಿಯ ಹೆರಿಗೆ ಮನೆಯಲ್ಲೇ ಉಳಿಯಿತು. ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದ 1992-93ರಲ್ಲಿ ಕೂಡ ದೇಶದಲ್ಲಿ ನೂರಕ್ಕೆ ಸುಮಾರು 26 ಹೆರಿಗೆಗಳು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು.

ಮುಂದಿನ ಬದಲಾವಣೆ ವೇಗದ್ದು. 2005ರ ಜನನಿ ಸುರಕ್ಷಾ ಯೋಜನೆ, ಹಳ್ಳಿಗೊಬ್ಬರಂತೆ ಬಂದ ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಇವೆಲ್ಲ ಸೇರಿ 2019-21ರ ಸಮೀಕ್ಷೆಯ ಹೊತ್ತಿಗೆ ಈ ಸಂಖ್ಯೆ ನೂರಕ್ಕೆ 88.6ಕ್ಕೆ ಏರಿತು. ಕರ್ನಾಟಕದಲ್ಲಿ ಅದು 97. ಸಾವಿರ ಜನನಕ್ಕೆ 48.6 ಇದ್ದ ಎಳೆಗೂಸುಗಳ ಸಾವು 24.9ಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಕಂಡ ಮಕ್ಕಳು ನೂರಕ್ಕೆ 41.8 ಮಾತ್ರ. ಅಂದರೆ ಆಸ್ಪತ್ರೆಯಲ್ಲಿ, ವೈದ್ಯರು, ನರ್ಸುಗಳ ಕಣ್ಣೆದುರೇ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ಗಂಟೆಯ ಪಾಲನ್ನು ಕಳೆದುಕೊಂಡಿವೆ. ಸಿಸೇರಿಯನ್ ಆದ ತಾಯಿ ಒಂದು ಕಡೆ, ತೂಕ ನೋಡಲು ಹೋದ ಕೂಸು ಇನ್ನೊಂದು ಕಡೆ. ವಾರ್ಡಿನಲ್ಲಿ ಮೂವತ್ತು ತಾಯಂದಿರಿಗೆ ಇಬ್ಬರು ನರ್ಸುಗಳಿದ್ದರೆ ಪಕ್ಕದಲ್ಲಿ ಕುಳಿತು ಕೂಸನ್ನು ಎದೆಗೆ ಹಿಡಿಸಿ ತೋರಿಸುವವರು ಯಾರು? ಹೊರಗೆ ಕಾಯುತ್ತಿರುವ ಅಜ್ಜಿಯ ಚೀಲದಲ್ಲಿ ಜೇನಿನ ಸೀಸೆ ಸಿದ್ಧವಾಗಿರುತ್ತದೆ. ಡಬ್ಬಿ ಹಾಲಿನ ಜಾಹೀರಾತನ್ನು 1992ರ ಕಾಯಿದೆ ತಡೆದಿರಬಹುದು. "ಪಾಪ, ಹಸಿದಿದೆ, ಒಂದು ಚೂರು ಕೊಡಿ" ಎನ್ನುವ ಬಾಯನ್ನು ಯಾವ ಕಾಯಿದೆಯೂ ತಡೆಯಲಾರದು.

ಸಹಜ ಹೆರಿಗೆಯಾದರೆ ಎರಡು ಮೂರು ದಿನದಲ್ಲಿ ತಾಯಿ ಮನೆಗೆ ಬರುತ್ತಾಳೆ. ಹೆರಿಗೆ ಆಸ್ಪತ್ರೆಯದಾಯಿತು, ಬಾಣಂತನ ಮನೆಯದಾಗಿಯೇ ಉಳಿಯಿತು. ಆಸ್ಪತ್ರೆಯಲ್ಲಿ ಕೇಳಿದ ಮಾತು ಒಂದು, ಮನೆಯಲ್ಲಿ ಕಾಣುವ ರೀತಿ ಇನ್ನೊಂದು. ನಡುವೆ ನಿಂತವಳು ನಿದ್ದೆಗೆಟ್ಟ, ಹೊಲಿಗೆಯ ನೋವಿನ, ಮೊದಲ ಕೂಸಿನ ತಾಯಿ.

ಬಿಸಿ, ಹೊಕ್ಕುಳು, ಹಾಲು

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಎಳೆಗೂಸಿನ ಅಗತ್ಯ ಆರೈಕೆ ಎಂದು ಕೆಲವು ಕ್ರಮಗಳನ್ನು ಗುರುತಿಸಿತು. ಶುಚಿತ್ವ, ಬೆಚ್ಚಗಿಡುವುದು, ಬೇಗ ಎದೆಹಾಲು ಕೊಡುವುದು, ಹೊಕ್ಕುಳಬಳ್ಳಿಯ ರಕ್ಷಣೆ, ಲಸಿಕೆ, ಅಪಾಯದ ಚಿಹ್ನೆಗಳನ್ನು ಗುರುತಿಸುವುದು ಅದರಲ್ಲಿ ಮುಖ್ಯವಾದವು. ಇವುಗಳನ್ನು ಬಾಣಂತಿ ಕೋಣೆಯ ಪಕ್ಕಕ್ಕಿಟ್ಟು ನೋಡಿದರೆ ಪೂರ್ತಿ ಜಗಳವೂ ಇಲ್ಲ, ಪೂರ್ತಿ ಒಪ್ಪಿಗೆಯೂ ಇಲ್ಲ.

ಬೆಚ್ಚಗಿಡುವ ವಿಷಯದಲ್ಲಿ ಅಜ್ಜಿ ಸರಿ. ಕುಲಾವಿ ತೊಡಿಸುವುದು, ಕೌದಿ ಹೊದಿಸುವುದು, ತಾಯಿಯ ಮಗ್ಗುಲಲ್ಲೇ ಮಲಗಿಸುವುದು ಎಲ್ಲ ಸರಿ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಬಿಸಿ ಅಲ್ಲಿಂದಲೇ ಹೆಚ್ಚು ಸೋರುತ್ತದೆ. ಆದರೆ ಹುಟ್ಟಿದ ಕೂಡಲೇ ಮೈಲಿಗೆ ಎಂದು ಎರೆಯುವುದು ಈ ಕಾಳಜಿಗೆ ವಿರುದ್ಧವಾದದ್ದು. ಒಂಬತ್ತು ತಿಂಗಳು ಒಂದೇ ಹದದ ಬಿಸಿಯಲ್ಲಿದ್ದ ಜೀವ ಒದ್ದೆ ಮೈಯಲ್ಲಿ ಹೊರಬರುತ್ತದೆ. ನಿಮಿಷಗಳಲ್ಲಿ ಮೈ ತಣಿಯುತ್ತದೆ. ಮೈಮೇಲಿನ ಬೆಣ್ಣೆಯಂಥ ಬಿಳಿ ಲೇಪ ಕೊಳೆಯಲ್ಲ, ಚರ್ಮದ ಕಾವಲು. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದರೆ ಸಾಕು. ಸ್ನಾನಕ್ಕೆ 24 ಗಂಟೆಯಾದರೂ ಕಾಯಬೇಕು. ತೂಕ ಕಡಿಮೆಯಿದ್ದರೆ ಇನ್ನೂ ಹಲವು ದಿನ ಒರೆಸುವುದೇ ಸರಿ.

ತಾಯಿಯ ಎದೆಗಿಂತ ಒಳ್ಳೆಯ ಅಗ್ಗಿಷ್ಟಿಕೆ ಇಲ್ಲ ಎಂಬುದನ್ನು ವೈದ್ಯರೂ ತಡವಾಗಿಯೇ ಕಲಿತರು. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ, ಇನ್‌ಕ್ಯುಬೇಟರ್ ಸಾಲದೆ, ದಿನ ತುಂಬದ ಕೂಸುಗಳನ್ನು ತಾಯಂದಿರ ಬರಿಯೆದೆಗೆ ಕಟ್ಟಿ ಕಾಪಾಡತೊಡಗಿದರು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರಾಯಿತು. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ ಸಾವು ಕಾಲುಭಾಗದಷ್ಟು ತಗ್ಗಿತು.

ಹೊಕ್ಕುಳಿನದು ಬೇರೆ ಕಥೆ. ಬೂದಿ, ಅರಿಸಿನ, ಹರಳೆಣ್ಣೆ, ಕೆಲವು ಕಡೆ ಸಗಣಿಯ ಬೂದಿ ಇವೆಲ್ಲ ಗಾಯ ಒಣಗಲೆಂದು ಹಚ್ಚಿದವು. ಉದ್ದೇಶ ಒಳ್ಳೆಯದೇ. ಆದರೆ ಮಣ್ಣಿನಲ್ಲೂ ಸಗಣಿಯಲ್ಲೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಬಳ್ಳಿ ಕೊಯ್ದ ಕುಡುಗೋಲಿನಿಂದಲೋ ಹಚ್ಚಿದ ಬೂದಿಯಿಂದಲೋ ಅದು ಒಳಹೊಕ್ಕರೆ, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ವಾರ ಕಳೆಯುವಷ್ಟರಲ್ಲಿ ಬಾಯಿ ಬಿಗಿದು, ಮೈ ಬಿಲ್ಲಾಗಿ ಸಾಯುತ್ತಿತ್ತು. ಬಸುರಿಗೆ ಚುಚ್ಚುಮದ್ದು, ಹೊಸ ಬ್ಲೇಡು, ಶುಚಿಯಾದ ಕೈ ಮತ್ತು ದಾರ ಇಷ್ಟರಿಂದಲೇ ಆ ರೋಗ ಹಿಂದೆ ಸರಿಯಿತು. 2015ರಲ್ಲಿ ಭಾರತ ಅದರ ನಿವಾರಣೆಯ ಮನ್ನಣೆ ಪಡೆಯಿತು. ಹೊಕ್ಕುಳಿಗೆ ಏನೂ ಹಚ್ಚದೆ, ಒಣಗಿರುವಂತೆ ಬಿಟ್ಟರೆ ಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ತಾನೇ ಬೀಳುತ್ತದೆ. ಏನೂ ಮಾಡದಿರುವುದೇ ಆರೈಕೆ ಎಂಬ ಮಾತು ಕೈ ಸುಮ್ಮನಿರಲಾರದ ಹಿರಿಯರಿಗೆ ಒಪ್ಪಿಗೆಯಾಗುವುದು ಕಷ್ಟ.

ಶುಚಿತ್ವದ ಪಾಠ ಹಳ್ಳಿಗೆ ಮಾತ್ರ ಬೇಕಾಗಿತ್ತೆಂದು ತಿಳಿಯಬಾರದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ, ಶವ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದ ವೈದ್ಯರಿಂದ ಬಾಣಂತಿಯರು ಸಾಯುತ್ತಿದ್ದಾರೆಂದು ಕಂಡುಕೊಂಡ ಸೆಮ್ಮೆಲ್‌ವೈಸ್, ಕೈ ತೊಳೆಯಿರಿ ಎಂದು ಬೇಡಿಕೊಂಡ. ಅವನ ಮಾತನ್ನು ಆ ಕಾಲದ ದೊಡ್ಡ ವೈದ್ಯರೇ ಒಪ್ಪಲಿಲ್ಲ. ರೂಢಿಗೆ ಅಂಟಿಕೊಳ್ಳುವುದು ಅಜ್ಜಿಯರ ಗುಣ ಮಾತ್ರವಲ್ಲ.

ಹಾಲಿನ ವಿಷಯಕ್ಕೆ ಮತ್ತೆ ಬರುವುದಾದರೆ, ಕರುವಿಗೂ ಕೂಸಿಗೂ ಒಂದು ವ್ಯತ್ಯಾಸ ಉಂಟು. ಹಸುವಿನ ಗರ್ಭದಲ್ಲಿ ರೋಗ ತಡೆಯುವ ಅಂಶಗಳು ಕರುವಿಗೆ ದಾಟುವುದಿಲ್ಲ. ಅದಕ್ಕೆ ಎಲ್ಲವೂ ಗಿಣ್ಣಿನಿಂದಲೇ ಬರಬೇಕು. ಮನುಷ್ಯರಲ್ಲಿ ಒಂದಷ್ಟು ಗರ್ಭದಲ್ಲೇ ದಾಟಿರುತ್ತದೆ. ಆದರೆ ಕರುಳಿನ ಒಳಪದರಕ್ಕೆ ಕಾವಲಾಗುವ ಅಂಶ ಹೇರಳವಾಗಿರುವುದು ಆ ಮೊದಲ ಹಳದಿ ಹಾಲಿನಲ್ಲಿ. ಅದು ಕೂಸಿನ ಮೊದಲ ಲಸಿಕೆ ಎನ್ನುವುದು ಅತಿಶಯೋಕ್ತಿಯಲ್ಲ. ಅದರ ಬದಲು ನೆಕ್ಕಿಸುವ ಜೇನಿನಲ್ಲಿ ಎಳೆಯ ಕರುಳಿಗೆ ಅಪಾಯಕಾರಿಯಾದ ಬೀಜಾಣುಗಳಿರಬಹುದಾದ್ದರಿಂದ ವರ್ಷ ತುಂಬುವವರೆಗೆ ಜೇನು ಬೇಡ ಎನ್ನುತ್ತಾರೆ ವೈದ್ಯರು. ಆರು ತಿಂಗಳವರೆಗೆ ನೀರೂ ಬೇಡ. ತೇಯ್ದ ಬಜೆ, ಜಾಯಿಕಾಯಿಯೂ ಬೇಡ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು, ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿಯ ದಟ್ಟ ಹೊಗೆ ಹಾಕುವುದು, ಕಣ್ಣೊಳಗೆ ಕಾಡಿಗೆ ತೀಡುವುದು ಬಿಡಬೇಕಾದವು. ಮೈಗೆ ಹಗುರವಾಗಿ ಕೊಬ್ಬರಿ ಎಣ್ಣೆ ಸವರುವುದಕ್ಕೆ, ಕೆನ್ನೆಗೊಂದು ದೃಷ್ಟಿಬೊಟ್ಟು ಇಡುವುದಕ್ಕೆ, ತೊಟ್ಟಿಲ ಹಾಡಿಗೆ ಯಾರ ಅಡ್ಡಿಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಅಪಾಯದ ಚಿಹ್ನೆ. ಎರಡು ಮೂರನೆಯ ದಿನ ಮುಖ ಸ್ವಲ್ಪ ಹಳದಿಯಾಗುವುದು, ಮೊದಲ ವಾರ ತೂಕ ಕೊಂಚ ಇಳಿಯುವುದು, ಎಳೆಗೂಸಿನ ಎದೆ ಉಬ್ಬಿರುವುದು ಸಹಜ. ಆ ಎದೆಯನ್ನು ಹಿಂಡಬಾರದು. ಆದರೆ ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಹಾಲು ಕುಡಿಯುತ್ತಿದ್ದ ಕೂಸು ಬಿಟ್ಟರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರೆಳೆದರೆ, ಪಕ್ಕೆ ಒಳಸೆಳೆದರೆ, ಫಿಟ್ಸ್ ಬಂದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಅಲುಗದಿದ್ದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಕಂಡರೆ ಬೆಳಗಾಗುವವರೆಗೂ ಕಾಯಬಾರದು. "ಕೂಸು ಎಷ್ಟು ಸಾಧು, ಅಳುವುದೇ ಇಲ್ಲ" ಎಂದು ಹೊಗಳುವ ಹೊತ್ತಿನಲ್ಲೇ ಕೆಲವು ಕೂಸುಗಳು ಕೈತಪ್ಪಿವೆ.

ಪಥ್ಯದ ಪೇಚು

ಕೂಸಿನ ಆರೈಕೆ ತಾಯಿಯ ತಟ್ಟೆಯಿಂದ ಶುರು. ಬಾಣಂತಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿ, ತುಪ್ಪ, ಅಂಟಿನ ಉಂಡೆ ಕೊಡುವ ಔದಾರ್ಯ ನಮ್ಮಲ್ಲಿದೆ. ಅದರ ಜೊತೆಗೇ ಸೊಪ್ಪು ಶೀತ, ಹಣ್ಣು ಶೀತ, ಕಾಳು ವಾಯು, ನೀರು ಹೆಚ್ಚು ಕುಡಿದರೆ ಹೊಟ್ಟೆ ದಪ್ಪ ಎಂಬ ನಿಷೇಧಗಳೂ ಇವೆ. ಕೆಲವು ಮನೆಗಳಲ್ಲಿ ವಾರಗಟ್ಟಲೆ ಬಿಳಿ ಅನ್ನ, ತಿಳಿಸಾರು ಬಿಟ್ಟರೆ ಬೇರೆ ಇಲ್ಲ.

ಇದರ ಫಲವನ್ನು ಬೆಂಗಳೂರಿನ ಮಕ್ಕಳ ಹೃದ್ರೋಗ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು. ಎದೆಹಾಲನ್ನೇ ಕುಡಿಯುತ್ತಿದ್ದ ಕೆಲವೇ ತಿಂಗಳ ಮಕ್ಕಳು ಹಠಾತ್ತನೆ ಏದುಸಿರು ಬಿಡುತ್ತ ಆಸ್ಪತ್ರೆ ಸೇರುತ್ತಿದ್ದರು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯ ಸೋಲುತ್ತಿತ್ತು. ಕಾರಣ ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ. ತಾಯಂದಿರ ಆಹಾರ ಪಾಲಿಶ್ ಮಾಡಿದ ಅಕ್ಕಿಯ ಅನ್ನ ಮತ್ತು ಪಥ್ಯಕ್ಕೆ ಸೀಮಿತವಾಗಿತ್ತು. ಥಯಾಮಿನ್ ಚುಚ್ಚುಮದ್ದು ಕೊಟ್ಟಾಗ ಮಕ್ಕಳು ಬೇಗ ಚೇತರಿಸಿಕೊಂಡರು. ಪಥ್ಯ ಅದೇ ಇದ್ದರೂ ಹಿಂದೆ ಮನೆಯಲ್ಲಿ ಕುಟ್ಟಿದ ಅಕ್ಕಿಗೆ ತೌಡು ಅಂಟಿಕೊಂಡಿರುತ್ತಿತ್ತು. ಬಿ1 ಇರುವುದು ಅದರಲ್ಲೇ. ಅಕ್ಕಿ ಬದಲಾಯಿತು, ಪಥ್ಯ ಬದಲಾಗಲಿಲ್ಲ. ಒಂದು ಕಾಲಕ್ಕೆ ನಡೆದುಹೋದ ರೂಢಿ ಇನ್ನೊಂದು ಕಾಲಕ್ಕೆ ಮುಳುವಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಹೇಳುವುದು ಯಾರಿಗೆ?

ಹಾಗಾದರೆ ಈ ತಿಳಿವಳಿಕೆಯನ್ನು ಯಾರಿಗೆ, ಹೇಗೆ ಮುಟ್ಟಿಸಬೇಕು? ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ 1990ರ ದಶಕದಲ್ಲಿ ಒಂದು ದಾರಿ ತೋರಿದರು. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಆರೋಗ್ಯದೂತರನ್ನಾಗಿ ಮಾಡಿದರು. ಅವರು ಮನೆಮನೆಗೆ ಹೋಗಿ ಕೂಸನ್ನು ತೂಗಿದರು, ಬೆಚ್ಚಗಿಡುವುದನ್ನು ಕೈಯಾರೆ ತೋರಿಸಿದರು, ಸೋಂಕು ಕಂಡರೆ ಔಷಧಿ ಕೊಟ್ಟರು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ಎಳೆಗೂಸುಗಳ ಸಾವು ನೂರಕ್ಕೆ 62ರಷ್ಟು ತಗ್ಗಿತ್ತು. ಉತ್ತರ ಪ್ರದೇಶದ ಶಿವಗಢದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸಾವು ಅರ್ಧಕ್ಕಿಂತ ಕಡಿಮೆಯಾಯಿತು. ಅಲ್ಲಿನ ಕಾರ್ಯಕರ್ತರು ತಾಯಿಯೊಬ್ಬಳನ್ನೇ ಕೂರಿಸಿ ಪಾಠ ಹೇಳಲಿಲ್ಲ. ಅತ್ತೆ, ಗಂಡ, ನೆರೆಹೊರೆ, ಊರ ಹಿರಿಯರು ಎಲ್ಲರೊಂದಿಗೆ ಮಾತಾಡಿದರು. ಇರುವ ರೂಢಿ ಏನು, ಅದು ಏಕೆ ಬಂತು ಎಂದು ಮೊದಲು ಕೇಳಿ ತಿಳಿದು, ಆಮೇಲೆ ಹೊಸದನ್ನು ಹೇಳಿದರು.

ಈ ಅನುಭವಗಳ ಬಲದಿಂದಲೇ 2011ರಲ್ಲಿ ದೇಶದಾದ್ಯಂತ ಮನೆಯಲ್ಲೇ ಎಳೆಗೂಸಿನ ಆರೈಕೆಯ ಕಾರ್ಯಕ್ರಮ ಬಂತು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡಬೇಕು. ಆ ದಿನಗಳ ಆಯ್ಕೆಯನ್ನು ಗಮನಿಸಬೇಕು: ಮೊದಲೆರಡು ಭೇಟಿಗಳು ಸಟವಿಯ ರಾತ್ರಿಯ ಆಚೆಈಚೆ ಬರುತ್ತವೆ. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ ಯೋಜನೆಯೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಕೂಸಿನ ಬಟ್ಟೆ, ಸಾಬೂನು ಇರುವ ಚೀಲ ಕೊಡುತ್ತಿತ್ತು. ಅದರ ಹೆಸರು "ಮಡಿಲು". ಹೆಣ್ಣುಮಗಳಿಗೆ ಮಡಿಲು ತುಂಬುವ ಹಳೆಯ ಪದ್ಧತಿಯ ಒಳಗೇ ಹೊಸ ಅಗತ್ಯವನ್ನು ಇಟ್ಟ ಜಾಣತನ ಅದು.

ಚೊಚ್ಚಲು ತಾಯಿಗೆ ತಿಳಿವಳಿಕೆ ಬೇಕು, ಸಂದೇಹವಿಲ್ಲ. ಆದರೆ ಆಸ್ಪತ್ರೆಯ ಗೋಡೆಯ ಚಿತ್ರಪಟ ನೋಡಿ ಅವಳು ಕಲಿತದ್ದು, ಮನೆಯಲ್ಲಿ ಅವಳ ಅವ್ವ ಅಥವಾ ಅತ್ತೆ ಒಪ್ಪದಿದ್ದರೆ ಕೂಸಿಗೆ ತಲುಪುವುದಿಲ್ಲ. ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಗಂಟುಮೂಟೆ ಹಿಡಿದು ಕುಳಿತ ಹಿರಿಯ ಹೆಂಗಸೇ ಆ ಪಾಠ ಮೊದಲು ಕೇಳಬೇಕಾದವಳು. ಅವಳಿಗೆ "ನಿಮ್ಮ ಕಾಲದ್ದು ತಪ್ಪು" ಎಂದರೆ ಕಿವಿ ಮುಚ್ಚಿಕೊಂಡಾಳು. ಎಷ್ಟು ಕೂಸುಗಳನ್ನು ಎರೆದು ಬೆಳೆಸಿದ ಕೈ ಅದು. "ಅವ್ವಾ, ಹಸು ಈದಾಗ ಗಿಣ್ಣು ಮೊದಲು ಯಾರಿಗೆ ಬಿಡ್ತಿದ್ರಿ?" ಎಂದು ಕೇಳಿದರೆ ಅವಳಿಗೆ ಉತ್ತರ ಗೊತ್ತು. ಆ ಉತ್ತರ ಕೊಟ್ಟಿಗೆಯಿಂದ ಕೋಣೆಗೆ ಬರಲು ಅಂಗಳ ದಾಟಿದರೆ ಸಾಕು.